ದೇಶಪಾಂಡೆ ಬಾಯಿಯವರ ಜೀಪಿಗೆ ನಾನು ಹಾಡು ಕಲಿಸಲು ಹೋದದ್ದು

ಗಾಡಿಗೆ ಸ್ಟೀರಿಯೊ ಕೂಡಿಸುವುದು ಎಂದರೆ ಮೂರು ತಂತಿಗಳ ಕೆಲಸ. ಕರೆಂಟು ಬರುವುದೊಂದು, ಹೋಗುವುದೊಂದು, ಹಾಡು ಹೊರಡುವುದೊಂದು. ಇಷ್ಟಕ್ಕೆ ಜನ ಮಿಸ್ತ್ರಿಗಳ ಮುಂದೆ ಯಾಕೆ ಕೈಕಟ್ಟಿ ನಿಲ್ಲುತ್ತಾರೋ ಎಂದು ನನಗೆ ಬಹಳ ವರ್ಷ ಆಶ್ಚರ್ಯವಿತ್ತು. ಈಗಿಲ್ಲ!

ಆಗ ನಾನು ನಾಗಪುರದ ಒಂದು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದೆ. ಗದಗಿನಿಂದ ಬಂದು ಎರಡು ವರ್ಷವಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಫೈಲು ಹೆಡ್‌ಮಿಸ್ಟ್ರೆಸ್ ದೇಶಪಾಂಡೆ ಬಾಯಿಯವರ ಮೇಜಿನ ಮೇಲಿತ್ತು. ಬಾಯಿ, ಅಂದರೆ ಅಲ್ಲಿನ ಮಾತಿನಲ್ಲಿ ಮೇಡಂ, ಸೊಲ್ಲಾಪುರದವರು; ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುವವರು. ಅವರ ಯಜಮಾನರು ಅರಣ್ಯ ಇಲಾಖೆಯಲ್ಲಿದ್ದು ತೀರಿಕೊಂಡಿದ್ದರು. ಅವರು ಮಿಲಿಟರಿ ಹರಾಜಿನಲ್ಲಿ ಹಿಡಿದಿದ್ದ ಜೀಪೊಂದಿತ್ತು. ನಾಲ್ಕೂ ಗಾಲಿ ಎಳೆಯುವ, ಕೆಸರಿಗೂ ಬಂಡೆಗೂ ಹೆದರದ ಗಾಡಿ. ಬಾಯಿ ಅದನ್ನು ಮಾರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಓಡಿಸಿಕೊಂಡು ಶಾಲೆಗೆ ಬರುತ್ತಿದ್ದರು. ಅದರ ಸದ್ದು ಗೇಟಿನಲ್ಲಿ ಕೇಳಿದೊಡನೆ ಹುಡುಗರು ಓಡಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರ ಹಿಂದೆಯೇ ನಾನು!

ಒಂದು ಶನಿವಾರ ಬಾಯಿ ಸ್ಟಾಫ್ ರೂಮಿನಲ್ಲಿ, ಜೀಪಿನ ಹಳೆಯ ಸ್ಟೀರಿಯೊ ಹಾಡು ನಿಲ್ಲಿಸಿ ವರ್ಷವಾಯಿತೆಂದೂ ದುಬೈನಲ್ಲಿರುವ ತಮ್ಮ ಹೊಸದು ಕಳಿಸಿದ್ದಾನೆಂದೂ ಹೇಳಿದರು. ಕೂಡಿಸಲು ಯಾರನ್ನು ಕರೆಯುವುದು ಎಂದು ಕೇಳಿದರು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ನಾನು ಎದ್ದು ನಿಂತೆ.

"ಅದಕ್ಕೆ ಮಿಸ್ತ್ರಿ ಯಾಕ್ರೀ ಬಾಯಿ? ನಾನೇ ಹಾಕಿಕೊಡ್ತೀನಿ. ಇದು ನನ್ನ ವಿಷಯ."

ಬಾಯಿ ಕನ್ನಡಕದ ಮೇಲಿನಿಂದ ನೋಡಿದರು. "ಬರೋಬರ್ ಆಗ್ತದ ಏನ್ರಿ ಮಾಸ್ತರ?"

"ಆಗ್ತೈತ್ರಿ."

"ಹಳೇದು ಜ್ವಾಕಿಲೇ ತಗೀರಿ. ನಮ್ಮವರು ಕೈಯಾರೆ ಕೂಡಿಸಿದ್ದು. ಹಾಡಲಿಲ್ಲಂದ್ರೂ ಮನ್ಯಾಗ ಇಟ್ಕೋತೀನಿ."

ಅಂದು ಸಂಜೆ ಅವರು ಜೀಪನ್ನು ನಾಗಪುರದ ಅಂಚಿನ ವಾಡಿಯಲ್ಲಿದ್ದ ನಮ್ಮ ಮನೆಯ ಮುಂದೆ ನಿಲ್ಲಿಸಿ, ಹೊಸ ಸ್ಟೀರಿಯೊದ ಪೆಟ್ಟಿಗೆಯನ್ನೂ ಕೀಲಿಯನ್ನೂ ನನ್ನ ಕೈಗೆ ಕೊಟ್ಟು, ಆಟೋ ಹತ್ತಿ ಹೋದರು. ಮರುದಿನ ಭಾನುವಾರ. ಸೋಮವಾರ ಬೆಳಿಗ್ಗೆ ಜೀಪು ಹಾಡಬೇಕು.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಸುಮಿತ್ರಾ ಅಂಗಳದಲ್ಲಿ ಸೀರೆಗಳಿಗೆ ಗಂಜಿ ಹಾಕಲು ಬಕೆಟ್ಟು ಇಟ್ಟುಕೊಂಡು ಕೂತಿದ್ದಳು. ನಾನು ಸ್ಕ್ರೂಡ್ರೈವರ್ ಹಿಡಿದು ಹೊರಬಂದದ್ದನ್ನು ನೋಡಿ ಅವಳ ಮುಖ ಬಿಳಿಚಿತು.

"ಅಲ್ರೀ, ಮನ್ಯಾಗ ಫ್ಯೂಸ್ ಹೋದ್ರ ಮೇಣಬತ್ತಿ ಹಚ್ಚಿ ಕುಂದರ್ತೀರಿ. ಮಂದಿ ಗಾಡಿಗೆ ಯಾಕ ಕೈ ಹಾಕ್ತೀರಿ? ಎದುರಿಗೇ ಬಳವಂತ ಮಿಸ್ತ್ರಿ ಅದಾನಲ್ಲ, ಒಂದ್ ಮಾತು ಕೇಳ್ರಿ."

ಎದುರಿಗೆ ನಿಜವಾಗಿಯೂ ಟ್ರಕ್ಕುಗಳ ವೈರಿಂಗ್ ಮಾಡುವ ಬಳವಂತನ ಶೆಡ್ಡಿತ್ತು. ಅವನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನಾನು ಓಮ್‌ನ ನಿಯಮ ಕಲಿಸುವವನು. ಕೇಳುವುದು ಹೇಗೆ?

ಹಳೆಯ ಸ್ಟೀರಿಯೊದ ಹಿಂದೆ ನಾಲ್ಕು ತಂತಿಗಳಿದ್ದವು. ನಾಲ್ಕೂ ಒಂದೇ ಬಣ್ಣ, ಅಂದರೆ ಮಣ್ಣಿನ ಬಣ್ಣ. ಯಾವುದು ಎಲ್ಲಿಗೆ ಎಂದು ಬರೆದಿಟ್ಟುಕೊಳ್ಳಬಹುದಿತ್ತು. ನೆನಪಿರುತ್ತದೆ ಎಂದುಕೊಂಡೆ. ತಂತಿಗಳ ನಡುವೆ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಒಂದು ತಗಡಿನ ಡಬ್ಬಿಯಿತ್ತು. ಅದಕ್ಕೇನೂ ಕೆಲಸವಿದ್ದಂತೆ ಕಾಣಲಿಲ್ಲ. ಕತ್ತರಿಸಿ ತೆಗೆದೆ. ಹೊಸದನ್ನು ಜಾಗಕ್ಕೆ ತುರುಕಿದೆ, ತಂತಿಗಳನ್ನು ಹೊಸೆದೆ. ಒಂದು ತಂತಿ ಹೆಚ್ಚಾಗಿ ಉಳಿಯಿತು. ಪಾಪ ಅದೂ ಇರಲಿ ಎಂದು ಎಲ್ಲಿಗೋ ಸೇರಿಸಿದೆ. ಆಮೇಲೆ ಸುಮಿತ್ರಾಳನ್ನು ಹಾಡು ಕೇಳಲು ಕರೆದು ಕೀಲಿ ತಿರುಗಿಸಿದೆ.

ಮೊದಲು ಹಾರ್ನ್ ಹೊಡೆಯಿತು. ನಾನು ಮುಟ್ಟಿರಲಿಲ್ಲ! ಅದು ತಾನಾಗಿಯೇ, ಆನೆಯ ಕಾಲನ್ನು ಯಾರೋ ತುಳಿದಂತೆ, ಉಸಿರು ಬಿಡದೆ ಕೂಗತೊಡಗಿತು. ಆಮೇಲೆ ದುಬೈ ಸ್ಟೀರಿಯೊದ ಬಾಯಿಂದ ದಾರದಷ್ಟು ಸಣ್ಣ ಹೊಗೆ ಬಂತು. ಆಮೇಲೆ ಸಣ್ಣದಲ್ಲದ ಹೊಗೆ ಬಂತು.

"ಬೆಂಕಿ! ಬೆಂಕಿ!" ಎಂದು ಸುಮಿತ್ರಾ ಕೂಗಿದಳು.

"ನೀರು ಹಾಕಬ್ಯಾಡ! ಕರೆಂಟಿಗೆ ನೀರು ಹಾಕಬಾರದು!" ಎಂದು ನಾನು ಭೌತಶಾಸ್ತ್ರ ಹೇಳಿದೆ.

ಅವಳು ನೀರು ಹಾಕಲಿಲ್ಲ. ಗಂಜಿ ಹಾಕಿದಳು. ಇಡೀ ಬಕೆಟ್ಟು!

ನಾನು ಕೀಲಿ ಕಿತ್ತುಕೊಂಡೆ. ಹಾರ್ನ್ ನಿಂತಿತು, ಹೊಗೆ ನಿಂತಿತು. ಸ್ಟೀರಿಯೊದಿಂದ, ಸೀಟಿನಿಂದ, ನನ್ನ ಮೂಗಿನಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಎದುರಿನ ಶೆಡ್ಡಿನಲ್ಲಿ ಬಳವಂತ ಬೀಡಿ ಹಿಡಿದು ಸುಮ್ಮನೆ ನೋಡುತ್ತಿದ್ದ. ಅವನ ಮುಂದೆ ತಲೆ ಬಾಗಿಸುವ ಬದಲು ನಾನು ಊರ ನಡುವಿನ ಪೇಟೆ ಸೀತಾಬರ್ಡಿಗೆ ಹೋಗಲು ನಿರ್ಧರಿಸಿದೆ. ಅಲ್ಲಿ ಭಾನುವಾರವೂ ತೆರೆದಿರುವ ರೇಡಿಯೊ ರಿಪೇರಿ ಅಂಗಡಿಯೊಂದಿತ್ತು. ಹೊಸದನ್ನು ಬದುಕಿಸಲಿ. ಆಗದಿದ್ದರೆ ಹಳೆಯದನ್ನಾದರೂ ಹಾಡಿಸಲಿ.

ಹೊಸದನ್ನು ಒರೆಸಿ ಅದರ ಪೆಟ್ಟಿಗೆಯಲ್ಲಿಟ್ಟೆ. ಹಳೆಯದನ್ನು, ನೇತಾಡುವ ತಂತಿ ಮತ್ತು ತಗಡಿನ ಡಬ್ಬಿಯ ಸಮೇತ, ಹಸಿರು ಕೈಚೀಲದಲ್ಲಿ ಹಾಕಿಕೊಂಡೆ. ಹೊರಡುವಾಗ ಸುಮಿತ್ರಾ ಅಲಾರಂ ಗಡಿಯಾರ ತಂದು ಅದೇ ಚೀಲಕ್ಕೆ ಇಳಿಸಿದಳು.

"ಹೆಂಗೂ ಹೊಂಟೀರಿ, ಇದನ್ನೂ ತೋರಿಸ್ರಿ. ಯಾವಾಗ ಬೇಕಾದ್ರ ಅವಾಗ ಹೊಡ್ಕೋತೈತಿ."

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಚೀಲವನ್ನು ಸೀಟಿನ ಕೆಳಗಿಟ್ಟು ಹೊಸ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೆ. ಸೋಮವಾರ ಬಾಯಿಗೆ ಯಾವ ಸುಳ್ಳು ಹೇಳುವುದು ಎಂದು ಲೆಕ್ಕ ಹಾಕುತ್ತ ಕೂತೆ. ಮೂರು ಸುಳ್ಳು ತಯಾರಾಗುವಷ್ಟರಲ್ಲಿ ಸೀತಾಬರ್ಡಿ ಬಂತು. ಕೂಸನ್ನು ಅವಚಿಕೊಂಡು ಇಳಿದೆ. ಅಂಗಡಿಯವನು ಹೊಸದನ್ನು ಮೂಸಿ ನೋಡಿ, "ಇದು ಮುಗೀತು. ಹಳೇದು ಎಲ್ಲಿದೆ?" ಎಂದ. ಆಗ ನೋಡುತ್ತೇನೆ, ಚೀಲವಿಲ್ಲ!

ಬಾಯಿಯ ಯಜಮಾನರು ಕೈಯಾರೆ ಕೂಡಿಸಿದ್ದು! ಹೊಸದರ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ ನಿಲ್ದಾಣದವರೆಗೆ ಓಡಿದೆ.

ನಮ್ಮ ಬಸ್ಸು ಅಲ್ಲೇ ನಿಂತಿತ್ತು. ಆದರೆ ಒಬ್ಬಂಟಿಯಾಗಿ. ಸುತ್ತ ದೂರದಲ್ಲಿ ಪೊಲೀಸರು ಹಗ್ಗ ಹಿಡಿದಿದ್ದರು, ಹಗ್ಗದಾಚೆ ಸಾವಿರ ತಲೆಗಳು. ಆ ವರ್ಷಗಳಲ್ಲಿ ರೇಡಿಯೊ ಹಚ್ಚಿದರೂ ಸಿನಿಮಾಕ್ಕೆ ಹೋದರೂ ಒಂದೇ ಎಚ್ಚರಿಕೆ: ಬೇವಾರಸಿ ವಸ್ತು ಮುಟ್ಟಬೇಡಿ, ಬಿದ್ದಿರುವ ಟ್ರಾನ್ಸಿಸ್ಟರ್ ಎತ್ತಿಕೊಳ್ಳಬೇಡಿ, ಒಳಗೆ ಬಾಂಬು ಇರಬಹುದು.

"ಏನಾಯಿತು?" ಎಂದು ಶೇಂಗಾ ಮಾರುವವನನ್ನು ಕೇಳಿದೆ.

"ಬಾಂಬ್ ಆಹೆ, ಭಾವೂ! ಟಿಕ್‌ಟಿಕ್ ಅನ್ನುತ್ತಿದೆಯಂತೆ!"

ನಾನು ತಕ್ಷಣ ಓಡಿ ಬೇವಿನ ಮರದ ಹಿಂದೆ ನಿಂತೆ. ಎಂಥ ಕಾಲ ಬಂತಪ್ಪ, ಅರ್ಧ ಗಂಟೆಯ ಹಿಂದೆ ನಾನು ಅದೇ ಬಸ್ಸಿನಲ್ಲಿದ್ದೆನಲ್ಲ ಎಂದುಕೊಂಡೆ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಬಾಂಬು ಹಾರಿದರೆ ಬಾಯಿಯ ಸ್ಟೀರಿಯೊ ಗತಿಯೇನು? ಎಲ್ಲ ಧೈರ್ಯ ಒಟ್ಟುಗೂಡಿಸಿ ಇನ್ಸ್‌ಪೆಕ್ಟರರ ಬಳಿ ಹೋಗಿ ನನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡೆ.

"ಸಾಹೇಬ್, ಬಾಂಬು ಹಾರುವ ಮೊದಲು ನನ್ನ ಚೀಲ ತೆಗೆಸಿಕೊಡಿ."

"ಯಾವ ಚೀಲ?"

"ಹಸಿರು ಕೈಚೀಲ."

ಅವರ ಕಣ್ಣು ಸಣ್ಣದಾಯಿತು. "ಎಲ್ಲಿಟ್ಟಿದ್ದೆ?"

"ಹಿಂದಿನಿಂದ ಮೂರನೇ ಸೀಟಿನ ಕೆಳಗೆ."

"ಒಳಗೆ ಏನಿದೆ?"

"ಒಂದು ಕಬ್ಬಿಣದ ಪೆಟ್ಟಿಗೆ ಸಾಹೇಬ್. ನಾಲ್ಕು ತಂತಿ ಹೊರಗೆ ಬಂದಿವೆ. ಒಂದು ಸಣ್ಣ ಡಬ್ಬಿ. ಮತ್ತೆ ಒಂದು..."

ಗಡಿಯಾರ ಎನ್ನಲು ಹೋಗಿ ನಿಂತೆ. ಇಬ್ಬರಿಗೂ ಒಮ್ಮೆಲೇ ತಿಳಿಯಿತು. ಎರಡೂ ಕಡೆಯಿಂದ ಕಾನ್‌ಸ್ಟೇಬಲ್‌ಗಳು ನನ್ನ ರಟ್ಟೆ ಹಿಡಿದರು.

"ನಿನ್ನದೇ ಅಂತೀಯಲ್ಲ. ಹೋಗು, ನೀನೇ ತಾ," ಎಂದರು ಇನ್ಸ್‌ಪೆಕ್ಟರ್. ಒಂದು ಲಾಠಿಯ ತುದಿ ನನ್ನ ಬೆನ್ನನ್ನು ಮೆಲ್ಲಗೆ ಮುಂದಕ್ಕೆ ನೂಕಿತು.

ಅದು ನಮ್ಮ ಮನೆಯ ಗಡಿಯಾರ. ದಿನಾ ಬೆಳಿಗ್ಗೆ ಅದರ ತಲೆಗೆ ಮೊಟಕುವವನು ನಾನು. ಆದರೂ ಹೇಳುತ್ತೇನೆ, ಆ ಐವತ್ತು ಹೆಜ್ಜೆಗಳಷ್ಟು ಉದ್ದದ ದಾರಿಯನ್ನು ನಾನು ಇನ್ನೆಲ್ಲೂ ನಡೆದಿಲ್ಲ. ಸಾವಿರ ಜನ ಬಾಂಬು ಅನ್ನುವಾಗ ನಾನೊಬ್ಬ ಗಡಿಯಾರ ಅಂದರೆ ಸರಿಯೇ? ನನ್ನ ಚೀಲದ ಪಕ್ಕದಲ್ಲಿ ಇನ್ಯಾರದೋ ಚೀಲವಿದ್ದರೆ? ಬಸವಣ್ಣನನ್ನೂ ನಮ್ಮೂರ ವೀರನಾರಾಯಣನನ್ನೂ ಒಟ್ಟಿಗೇ ನೆನೆದೆ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ.

ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್!

ಹಿಂದೆ ಪೊಲೀಸರು, ಶೇಂಗಾದವನು, ಸಾವಿರ ಜನ, ಎಲ್ಲರೂ ನೆಲಕ್ಕೆ ಬಿದ್ದರು. ನಾನೂ ಬಿದ್ದೆ. ಬಸ್ಸಿನೊಳಕ್ಕೆ ಬಿದ್ದೆ! ಕಣ್ಣು ಮುಚ್ಚಿಕೊಂಡೇ ತೆವಳಿ, ಚೀಲಕ್ಕೆ ಕೈಹಾಕಿ, ಗಡಿಯಾರದ ತಲೆಗೆ ಮೊಟಕಿದೆ. ಸುಮ್ಮನಾಯಿತು. ಚೀಲ ಅವಚಿಕೊಂಡು ಇಳಿದೊಡನೆ ಪೊಲೀಸರು ನನ್ನನ್ನು ಠಾಣೆಗೆ ಕರೆದೊಯ್ದರು.

ಠಾಣೆಯಲ್ಲಿ ಮೇಜಿನ ಮೇಲೆ ಎರಡು ಸ್ಟೀರಿಯೊ, ತಂತಿ, ಡಬ್ಬಿ, ಗಡಿಯಾರ ಎಲ್ಲವನ್ನೂ ಸಾಲಾಗಿ ಇಟ್ಟರು. ಸಾಲಾಗಿ ಇಟ್ಟಾಗ ನನಗೇ ನನ್ನ ಮೇಲೆ ಸಂಶಯ ಬಂತು.

"ಕೆಲಸ ಏನು?"

"ಫಿಜಿಕ್ಸ್ ಟೀಚರ್."

ಆ ಉತ್ತರದಿಂದ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೆ. ಇನ್ಸ್‌ಪೆಕ್ಟರ್ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು! ನನ್ನನ್ನು ಬಲ್ಲವರು ಯಾರು ಎಂದು ಕೇಳಿದರು. ನಾಗಪುರದಲ್ಲಿ ಫೋನ್ ಇದ್ದ ನನ್ನ ಪರಿಚಯದವರು ಒಬ್ಬರೇ. ದೇಶಪಾಂಡೆ ಬಾಯಿ. ಅವರ ಹೆಸರು ಹೇಳುವುದಕ್ಕಿಂತ ಒಳಗಿರುವುದೇ ಮೇಲೇನೋ ಎಂದು ಒಂದು ಕ್ಷಣ ಯೋಚಿಸಿದೆ. ಲಾಕಪ್ಪಿನ ಕಡೆ ನೋಡಿದೆ. ಹೆಸರು ಹೇಳಿದೆ.

ಒಂದು ಗಂಟೆಯ ಮೇಲೆ ದೂರದಿಂದ ಹಾರ್ನ್ ಕೇಳಿಸಿತು. ನಿಲ್ಲದ, ಉಸಿರು ಬಿಡದ ಹಾರ್ನ್. ಬಾಯಿ ನಮ್ಮ ಮನೆಗೆ ಹೋಗಿ, ತಮ್ಮ ಬಳಿಯಿದ್ದ ಇನ್ನೊಂದು ಕೀಲಿಯಿಂದ ಜೀಪು ಎತ್ತಿಕೊಂಡು, ಸುಮಿತ್ರಾಳನ್ನೂ ಕೂಡಿಸಿಕೊಂಡು ವಾಡಿಯಿಂದ ಠಾಣೆಯವರೆಗೆ ಹಾಗೆಯೇ ಕೂಗಿಸುತ್ತ ಬಂದಿದ್ದರು. ದಾರಿಯುದ್ದಕ್ಕೂ ಟ್ರಕ್ಕುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವಂತೆ. ಕೀಲಿ ಕಿತ್ತ ಮೇಲೆ, ಗಂಜಿ ಒಣಗಿದ ಸೀಟಿಗೆ ಹತ್ತಿದ್ದ ಸೀರೆಯನ್ನು ಪರ್ ಎಂದು ಬಿಡಿಸಿಕೊಂಡು ಬಾಯಿ ಒಳಗೆ ಬಂದರು. ನನ್ನ ಕಡೆ ನೋಡಲಿಲ್ಲ. ಮೊದಲು ಮೇಜಿನ ಮೇಲಿದ್ದ ಹಳೆಯ ಸ್ಟೀರಿಯೊ ಎತ್ತಿ ಸೆರಗಿನಿಂದ ಒರೆಸಿದರು. ಆಮೇಲೆ ಇನ್ಸ್‌ಪೆಕ್ಟರರಿಗೆ ಮರಾಠಿಯಲ್ಲಿ ಅಂದರು:

"ಸಾಹೇಬ್, ಹೊರಗೆ ಬಂದು ನನ್ನ ಜೀಪು ನೋಡಿ. ಒಂದು ಸ್ಟೀರಿಯೊ ಕೂಡಿಸಲು ಬಾರದವರು ಬಾಂಬು ಹೇಗೆ ಮಾಡುತ್ತಾರೆ?"

ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ನನ್ನ ವೈರಿಂಗನ್ನು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಒಳಗೆ ಬಂದು ಕಾಗದಗಳನ್ನು ಬದಿಗಿಟ್ಟು, "ಇವರನ್ನು ಬಿಟ್ಟುಬಿಡಿ," ಎಂದರು. ನನ್ನ ನಿರಪರಾಧಿತನಕ್ಕೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ! ಕಳಿಸುವಾಗ ಸೌಜನ್ಯಕ್ಕೆ ಒಂದು ಮಾತು ಸೇರಿಸಿದರು. "ಆದರೆ ಮಾಸ್ತರರು ಧೈರ್ಯವಂತರು, ಬಾಯಿ. ಚೀಲ ತರಲು ಒಬ್ಬರೇ ಹೋದರು."

ಲಾಠಿಯ ವಿಷಯ ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಮತ್ತೆ ನಮ್ಮ ಮನೆಯ ಮುಂದೆ, ಬಾಯಿ ಕರೆದೊಡನೆ ಬಳವಂತ ಬಂದು ಜೀಪಿನ ಮೂತಿ ಎತ್ತಿ ಬ್ಯಾಟರಿ ಎಣಿಸಿದ. ಎರಡಿದ್ದವು. "ಮಿಲ್ಟ್ರಿ ಗಾಡಿ. ಚೋವೀಸ್ ವೋಲ್ಟ್. ಹಾಡೋ ಡಬ್ಬಿ ಬಾರಾ ವೋಲ್ಟಿಂದು," ಎಂದು ನನಗೆ ಕಲಿಸಿಕೊಟ್ಟ. ನಾನು ಕತ್ತರಿಸಿ ತೆಗೆದಿದ್ದ ತಗಡಿನ ಡಬ್ಬಿಯೇ ಇಪ್ಪತ್ತನಾಲ್ಕನ್ನು ಹನ್ನೆರಡು ಮಾಡುತ್ತಿತ್ತಂತೆ. ಹಳೆಯ ಸ್ಟೀರಿಯೊದಲ್ಲಿ ಕೆಟ್ಟಿದ್ದು ಒಂದು ತಂತಿಯ ಬೆಸುಗೆ, ಅಷ್ಟೇ. ಅರ್ಧ ಗಂಟೆಯಲ್ಲಿ ಅದು ಮತ್ತೆ ಹಾಡಿತು. ಬಾಯಿ ಗಂಜಿ ಹತ್ತಿದ ಸೀಟಿನ ಮೇಲೆಯೇ ಕೂತು, ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಮುಗಿಯುವವರೆಗೆ ಕೇಳಿದರು. ಕಣ್ಣೊರೆಸಿಕೊಂಡು ಏಳುವಾಗ, "ಹೊಸಾದು ಬ್ಯಾಡೇ ಬ್ಯಾಡ. ಛಲೋ ಆತು ಸುಟ್ಟಿದ್ದು," ಎಂದರು.

ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಫೈಲಿನಲ್ಲಿ ಬಾಯಿ ನನ್ನ ವಿಷಯಜ್ಞಾನದ ಬಗ್ಗೆ ಏನೂ ಬರೆದಿರಲಿಲ್ಲ. "ಅಪಾಯದ ಎದುರಿನಲ್ಲಿ ಅಂಜದವರು" ಎಂದು ಒಂದೇ ಸಾಲು. ಅದನ್ನು ಕೇಳಿ ಸುಮಿತ್ರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆ ಸಾಲಿನ ಫಲ ಮಳೆಗಾಲದಲ್ಲಿ ಗೊತ್ತಾಯಿತು. ಶಾಲೆಯ ಹಿಂದೆ ಪೊದೆಗಳಿದ್ದವು, ಆಗಾಗ ತರಗತಿಗೆ ಹಾವು ಬರುತ್ತಿತ್ತು. ಬಂದೊಡನೆ ಬಾಯಿ ಪ್ಯೂನನ ಕೈಗೆ ಕೋಲು ಕೊಟ್ಟು, ಮೊದಲು ನನ್ನನ್ನೇ ಕರೆಸುತ್ತಿದ್ದರು. ನಾನೂ ತಡಮಾಡದೆ ಹೋಗುತ್ತಿದ್ದೆ. ಹೋಗಿ, ಎಲ್ಲಕ್ಕಿಂತ ಎತ್ತರದ ಬೆಂಚು ನೋಡಿ ಹತ್ತಿ ನಿಂತು, ಪ್ಯೂನನಿಗೆ ಧೈರ್ಯ ಹೇಳುತ್ತಿದ್ದೆ!