ನಾಲ್ಕು ಮೂಲೆಯ ಅರಿಶಿನ

ನಮ್ಮನೆಯವರು ಬೆಳಕಿಗೆ ಹಿಡಿದು ನೋಡದೆ ಯಾವುದನ್ನೂ ನಂಬಿದವರಲ್ಲ. ನನ್ನನ್ನು ಹೇಗೆ ನಂಬಿ ಮದುವೆಯಾದರೋ, ಇಂದಿಗೂ ತಿಳಿದಿಲ್ಲ!

ಆ ಮಂಗಳವಾರ ಬೆಳಿಗ್ಗೆಯೂ ಅಷ್ಟೇ. ತಟ್ಟೆಗೆ ಹಾಕಿದ ದೋಸೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದರು.

"ರೀ, ಎಲ್ಲಾರ ಮನಿ ದೋಸಿನೂ ತೂತೇ. ಸುಮ್ನ ತಿನ್ರಿ."

"ತೂತು ಇರ್ಲಿ ಬಿಡು. ಎಷ್ಟದಾವು ಅಂತ ಗೊತ್ತಿರಬೇಕಲ್ಲ?"

ಹದಿನೇಳು ಇದ್ದವು. ಎಣಿಸಿ ಮುಗಿಸುವಷ್ಟರಲ್ಲಿ ದೋಸೆ ಆರಿತ್ತು. ಆರಿದ್ದಕ್ಕೂ ನಾನೇ ಹೊಣೆ!

ಶಿರಸಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಬನವಾಸಿಯಿಂದ ಸಿದ್ದಾಪುರದವರೆಗೆ ಮದುವೆ ಕಾರ್ಡು ಅವರದೇ. ಶಾಯಿ ಇಳಿಯುವ ಜಾಲರಿಯನ್ನು ಬಲ್ಬಿಗೆ ಹಿಡಿದು, ಸೂಜಿಮೊನೆಯಷ್ಟು ತೂತು ಕಂಡರೂ ಮುಚ್ಚಿ, ಆಮೇಲೆ ಶಾಯಿ ಎಳೆಯುವುದು. ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟ ಮೇಲೇ ಉಳಿದವು. ಹಚ್ಚುವ ಕೆಲಸ ನನ್ನದು.

ಇಂಥವರ ಕೈಗೆ ಸೋಲಾರ್ ಹಾಳೆ ಸಿಕ್ಕರೆ ಕೇಳಬೇಕೇ! ಹುಬ್ಬಳ್ಳಿಯ ಕಾಲೇಜೊಂದರ ಮೇಡಂ ತಮ್ಮ ಮದುವೆ ಕಾರ್ಡನ್ನು ಇವರಲ್ಲೇ ಮಾಡಿಸಿದ್ದರು. ಬಿಸಿಲಿನಿಂದ ಕರೆಂಟ್ ಕೊಡುವ ಶಾಯಿಯಿದೆ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಪದರ ಪದರವಾಗಿ ಮುದ್ರಿಸಿಕೊಡುತ್ತೀರಾ ಎಂದು ಕೇಳಿದರು. ಇವರು ಮುದ್ರಿಸಿ ಯಲ್ಲಾಪುರದ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸಿಗೆ ಕೊಡುವುದು, ಪರೀಕ್ಷೆ ಅವರ ಕಾಲೇಜಿನಲ್ಲಿ. ಎಂಥ ಪರೀಕ್ಷೆ ಗೊತ್ತೇ? ಬೆಳಕು ಕುಡಿದು ಕರೆಂಟ್ ಕೊಡಬೇಕಾದ ಹಾಳೆಗೆ, ಕತ್ತಲೆ ಕೋಣೆಯಲ್ಲಿ ಅವರೇ ಕರೆಂಟ್ ಕುಡಿಸುತ್ತಾರೆ! ಆಗ ಹಾಳೆ ತಾನೇ ಬೆಳಗುತ್ತದಂತೆ. ನಮ್ಮ ಕಣ್ಣಿಗಲ್ಲ, ಅವರ ಕ್ಯಾಮೆರಾಕ್ಕೆ. ಚಿತ್ರದಲ್ಲಿ ಎಲ್ಲಿ ಕಪ್ಪೋ ಆ ಜಾಗ ಸತ್ತಿದೆ ಎಂದರ್ಥ.

ಮೊದಲ ಹಾಳೆಯ ಚಿತ್ರ ಬಂತು. ನಡುವೆಲ್ಲ ಬೆಳಕು, ನಾಲ್ಕೂ ಮೂಲೆ ಕಪ್ಪು. ಹಿಂದೆಯೇ ಮೇಡಂ ಫೋನು.

"ಕಾಕಾ, ನಾಲ್ಕೂ ಮೂಲಿ ಒಂದೇ ಸಮ ಹೆಂಗ ಸತ್ತಾವ್ರಿ? ಎರಡು ದಿನದಿಂದ ತಲಿ ಕೆಡಿಸ್ಕೊಂಡು ಕುಂತೀವಿ."

"ಅದು ಅರಿಶಿಣ ರೀ. ಮೊದಲ್ನೇ ಹಾಳಿ ಅಲ್ರಿ, ಶುಭ ಆಗ್ಲಿ ಅಂತ ಹಚ್ಚೇವಿ."

ಆ ಕಡೆಯಿಂದ ಜೋರು ನಗು.

ಅಂದಿನಿಂದ ಇವರಿಗೆ ಒಂದೇ ಧ್ಯಾನ: ಒಂದೂ ಕಪ್ಪು ಚುಕ್ಕೆಯಿಲ್ಲದ ಒಂದು ಹಾಳೆ ತೆಗೆಯಬೇಕು. ಧೂಳು, ಕೂದಲು, ಒಮ್ಮೆ ಒಂದು ನೊಣ, ಏನಾದರೊಂದು ಅಡ್ಡ ಬರುತ್ತಿತ್ತು. ಮೇಡಂ ಶಾಖ ತೋರಿಸುವ ಕ್ಯಾಮೆರಾವನ್ನೂ ಕೊಟ್ಟು ಕಳಿಸಿದರು. ಕರೆಂಟ್ ಸೋರುವ ಜಾಗ ಬಿಸಿಯಾಗಿ ಅದರಲ್ಲಿ ಕೆಂಪಗೆ ಕಾಣುತ್ತದೆ. ಇವರು ಅದನ್ನು ಹಾಳೆಗಿಂತ ಹೆಚ್ಚಾಗಿ ನನ್ನ ಕಡೆಗೇ ಹಿಡಿದರು.

"ಹಣಿ ಕೆಂಪಾಗೇತಿ ನೋಡು. ಸಿಟ್ಟು ಸೋರಾಕತ್ತೇತಿ."

"ಇಷ್ಟು ವರ್ಷ ಕ್ಯಾಮೆರಾ ಇಲ್ಲದ ಕಾಣ್ತಿರಲಿಲ್ಲೇನ್ರಿ?"

ಆ ಮಂಗಳವಾರ ದೋಸೆ ಮುಗಿಸಿ ಹನ್ನೊಂದನೆಯ ಹಾಳೆಯ ಕೊನೆಯ ಪದರ ಎಳೆದರು. ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಉಸಿರನ್ನೂ ಅಳೆದು ಬಿಡುತ್ತ! ಬೆಳಕಿಗೆ ಹಿಡಿದರು. ಒಂದೂ ತೂತಿಲ್ಲ.

"ಇದೇ ನೋಡು ಅದು. ನೀ ಅರಿಶಿಣದ ಬಟ್ಟಲ ಹತ್ರ ತರಬ್ಯಾಡ ಮತ್ತ," ಎಂದು ಹೇಳಿ ಕೈ ತೊಳೆಯಲು ಹಿತ್ತಲಿಗೆ ಹೋದರು.

ಅಷ್ಟು ಚೆಂದ ಬಂದದ್ದಕ್ಕೆ ದೃಷ್ಟಿಯಾಗಬಾರದಲ್ಲ! ಶಾಯಿ ಇನ್ನೂ ಹಸಿಯಾಗಿತ್ತು. ಒಂದೇ ಮೂಲೆಗೆ, ಬೆರಳ ತುದಿಯಷ್ಟು, ಅರಿಶಿನ ಹಚ್ಚಿ ಒರೆಸಿಬಿಟ್ಟೆ. ಇವರಿಗೆ ಹೇಳಲಿಲ್ಲ. ಚಿತ್ರ ಬಂದ ಮೇಲೆ ಹೇಗೂ ಬೈಸಿಕೊಳ್ಳುವುದಿದೆ ಎಂದುಕೊಂಡೆ.

ಮಧ್ಯಾಹ್ನ ಹಾಳೆಯನ್ನು ಬಸ್ಸಿಗೆ ಕೊಟ್ಟು ಬಂದರು. ಬುಧವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಸುದ್ದಿ ತಿಳಿದಿದ್ದ ಮೇಡಂ, ತಿಂಗಳಾದ ಮೇಲೆ ಚಿತ್ರ ಕಳಿಸಿ ಫೋನ್ ಮಾಡಿದರು. ಹಾಳೆಯ ತುಂಬ ಸಮನಾದ ಬೆಳಕು. ಎಡಮೂಲೆಯಲ್ಲಿ ಮಾತ್ರ ಸಣ್ಣದೊಂದು ಕಪ್ಪು.

"ಕಾಕಾ ಮಾಡಿದ್ರಾಗ ಇದೇ ಚಲೋ ಹಾಳಿ, ಕಾಕು. ಆ ಮೂಲಿಗೆ ಏನಾತೋ ಗೊತ್ತಾಗ್ಲಿಲ್ಲ."

"ಅದು ನನ್ನ ಬೆರಳು," ಎಂದೆ.

ಈ ಸಲ ಅವರು ನಗಲಿಲ್ಲ. "ಹಂಗಾದ್ರ ಅದು ಅಲ್ಲೇ ಇರ್ಲಿ ಬಿಡ್ರಿ," ಎಂದರು.

ಚಿತ್ರವನ್ನು ಫೋನಿನಲ್ಲೇ ಇಟ್ಟುಕೊಂಡಿದ್ದೇನೆ. ಒಮ್ಮೊಮ್ಮೆ, ನಗಬೇಡಿ, ಫೋನನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಬೆಳಿಗ್ಗೆ ಎಂದಿನಂತೆ ದೋಸೆ ಹೊಯ್ಯುತ್ತೇನೆ. ಈಗ ಬಿಸಿಯಾಗಿರುವಾಗಲೇ ತಿಂದು ಮುಗಿಯುತ್ತದೆ.

ತೂತು ಎಣಿಸುವವರು ಇಲ್ಲ.