ಶುಭಕಾರ್ಯಕ್ಕೆ ಮುನ್ನ ಕಂಪ್ಯೂಟರಿಗೆ ಸ್ನಾನ

ಆಳಂದದ ನಮ್ಮ ಸರ್ಕಾರಿ ಕಚೇರಿಯಲ್ಲಿ ನನಗೆ ಕಂಪ್ಯೂಟರ್ ಪಂಡಿತ ಎಂದು ಹೆಸರು. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆದು ತೆಗೆದಿದ್ದೆ. ನನ್ನ ಪಾಂಡಿತ್ಯದ ಆದಿ, ಅಂತ್ಯ ಎರಡೂ ಅದೇ!

ಹೆಂಡತಿ ಸುಮಂಗಲಾ ಜೇವರ್ಗಿ ತಾಲ್ಲೂಕಿನಲ್ಲಿ, ಅಂದೋಲಾ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿ. ನಾಲ್ಕು ವರ್ಷಗಳಿಂದ ನಮ್ಮದು ಶನಿವಾರದ ಸಂಸಾರ. ಈ ಸಲ ನಮ್ಮ ಆಳಂದ ತಾಲ್ಲೂಕಿನದೇ ಕಡಗಂಚಿ ಕಡೆಯ ಶಾಲೆಯೊಂದರಲ್ಲಿ ಜಾಗ ಖಾಲಿ ಇತ್ತು. ನೌಕರ ದಂಪತಿಯನ್ನು ಒಂದೆಡೆ ಸೇರಿಸುವ ಪತಿ-ಪತ್ನಿ ಪ್ರಕರಣದಲ್ಲಿ ವರ್ಗಾವಣೆಗೆ ಅರ್ಜಿ ಹಾಕಿದರೆ ಅವಳಿಗೇ ಸಿಗುವುದು ಖಾತ್ರಿಯಿತ್ತು.

"ರೀ, ಜೇವರ್ಗಿಗಿ ಹೋಗಿ ಆನ್‌ಲೈನ್ ಅಂಗಡ್ಯಾಗ ಹಾಕಿಸಿಬಿಡ್ತೇನ್ರಿ," ಎಂದಳು ಫೋನಿನಲ್ಲಿ.

"ಮನ್ಯಾಗ ಕಂಪ್ಯೂಟರ್ ಇಟ್ಕೊಂಡು ಮಂದಿ ಮುಂದ ಹೋಗಿ ನಿಂದ್ರೋದ್ಯಾಕ ಬೇ? ನಾ ಇದ್ದೇನಲ್ಲ!"

'ನಾ ಇದ್ದೇನಲ್ಲ' ಎಂಬ ಈ ಮಾತನ್ನು ಸರ್ಕಾರ ಕೂಡಲೇ ನಿಷೇಧಿಸಬೇಕು.

ಅರ್ಜಿಗೆ ಕೊನೆಯ ದಿನ. ರಜೆ ಹಾಕಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕುಳಿತೆ. ಕಂಪ್ಯೂಟರ್ ಆರು ತಿಂಗಳಿಂದ 'ಅಪ್‌ಡೇಟ್ ಮಾಡಲೇ?' ಎಂದು ಅಂಗಲಾಚುತ್ತಿತ್ತು. ಶುಭಕಾರ್ಯಕ್ಕೆ ನಾನು ಮಿಂದು ಕೂತಿರುವಾಗ ಅದು ಮೀಯದೆ ಕೂರುವುದು ಸರಿಯೇ? ಗುಂಡಿ ಒತ್ತಿದೆ. ಎರಡು ತಾಸು ಮಿಂದಿತು!

ಕೊನೆಗೂ ಅರ್ಜಿಯ ಪುಟ ತೆರೆಯಿತು. ಒಟಿಪಿ ಅವಳ ಫೋನಿಗೆ ಹೋಯಿತು. ಪಾಠ ಬಿಟ್ಟು ಹೊರಗೆ ಬಂದು, "ನಾಕು, ಏಳು, ಎರಡು..." ಎಂದು ಓದತೊಡಗಿದಳು. ಕೊನೆಯ ಅಂಕಿ ಒತ್ತುವಷ್ಟರಲ್ಲಿ ಪರದೆ ನೀಲಿಯಾಯಿತು. ಯಂತ್ರ ತಾನೇ ಆರಿ, ತಾನೇ ಹತ್ತಿಕೊಂಡಿತು.

"ಆತೇನ್ರಿ?"

"ಆಗಾಕತ್ತದ. ಇನ್ನೊಂದ್ ನಂಬರ್ ಬರ್ತದ, ಓದು."

ಎರಡನೆಯದಕ್ಕೂ ಅದೇ ಗತಿ. ಅಷ್ಟರಲ್ಲಿ ಪಕ್ಕದ ಮನೆಯ ಕಸ್ತೂರಿಬಾಯಿ ಬಂದು ಇಣುಕಿದರು.

"ಅಣ್ಣಾರ, ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ. ನಮ್ ಟೀವಿ ಹಂಗೇ ಸುದ್ದ ಆಗ್ತದ."

ಆಗ ಪರದೆಯ ಮೇಲೆ 'ಕೆಲಸ ನಡೆದಿದೆ, ಬಂದ್ ಮಾಡಬೇಡಿ' ಎಂದು ಬರುತ್ತಿತ್ತು. ಪಂಡಿತನಾದ ನಾನು ವೈರನ್ನೇ ಕಿತ್ತೆ!

ಅಲ್ಲಿಂದ ಅದು ಹತ್ತು ನಿಮಿಷಕ್ಕೊಮ್ಮೆ ಸಾಯತೊಡಗಿತು. ಹೇಗೆಂದು ಫೋನಿನಲ್ಲಿ ನೋಡಿಕೊಂಡು, ಬೆವರು ಸುರಿಸುತ್ತ ಅಪ್‌ಡೇಟನ್ನು ಕಿತ್ತುಹಾಕಿದೆ. ಅದು ನನ್ನನ್ನು ಕೇಳದೆ ಮತ್ತೆ ತನ್ನಷ್ಟಕ್ಕೆ ತಾನೇ ಬಂದು ಕೂತಿತು! ಈ ಗದ್ದಲದಲ್ಲಿ ಮೂರನೆಯ ಒಟಿಪಿ ಹೋಯಿತು, ನಾಲ್ಕನೆಯದೂ ಹೋಯಿತು.

"ಹೆಡ್‌ಮಾಸ್ತರ್ ನೋಡಾಕತ್ತಾರ್ರಿ. ನಿಮ್ ಕಾಲಿಗಿ ಬೀಳ್ತೇನಿ, ಯಾವುದಾರ ಅಂಗಡಿಗಿ ಹೋಗ್ರಿ."

"ಐದೇ ನಿಮಿಷ ತಡಿ," ಎಂದೆ.

ನಾಚಿಕೆಯಾಗುತ್ತದೆ ಹೇಳಲು. ಆ ಹೊತ್ತಿಗೆ ನನಗೆ ಅರ್ಜಿ ಮುಖ್ಯವಾಗಿರಲಿಲ್ಲ, ಆ ಡಬ್ಬಿಯ ಎದುರು ಗೆಲ್ಲುವುದು ಮುಖ್ಯವಾಗಿತ್ತು. ಐದನೆಯ ಒಟಿಪಿಯನ್ನೂ ಅದರ ಬಾಯಿಗೆ ಹಾಕಿ, ಸಂಜೆ ನಾಲ್ಕೂವರೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಓಡಿದೆ. ಅಂಗಡಿಯವರು ಪಟಪಟನೆ ಕುಟ್ಟಿದರು. 'ಇಂದಿನ ಐದು ಒಟಿಪಿ ಮುಗಿದಿವೆ. ನಾಳೆ ಪ್ರಯತ್ನಿಸಿ' ಎಂದು ಬಂತು. ಗಡುವು ಐದೂವರೆಗೆ!

"ಮುಂಜಾನೆ ಬಂದಿದ್ರ ಹತ್ತ್ ನಿಮಿಷದ ಕೆಲಸ ಇತ್ರಿ, ಸಾಹೇಬ್ರ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ಕಂಪ್ಯೂಟರನ್ನು ಬೈದೆ, ಅದನ್ನು ಮಾಡಿದವರನ್ನು ಬೈದೆ, ಪಾಪ, ಕಸ್ತೂರಿಬಾಯಿಯನ್ನೂ ಬಿಡಲಿಲ್ಲ. ಅವಳು ಎಲ್ಲ ಕೇಳಿಸಿಕೊಂಡಳು.

"ಹೋಗ್ಲಿ ಬಿಡ್ರಿ. ಆಳಂದಕ್ಕ ಬರಾಕ ನಾ ಮೂರು ಸಲ ಅರ್ಜಿ ಹಾಕೇನಿ. ಜೇವರ್ಗಿಗಿ ಬರಾಕ ನೀವು ಒಮ್ಮಿನಾರ ಹಾಕೀರೇನು?"

ನಮ್ಮ ಇಲಾಖೆಯ ಜೇವರ್ಗಿ ಕಚೇರಿಯಲ್ಲಿ ಎರಡು ವರ್ಷದಿಂದ ಒಂದು ಕುರ್ಚಿ ಖಾಲಿ ಇದೆ. ಅದಕ್ಕೆ ಕಂಪ್ಯೂಟರ್ ಬೇಡ, ಒಟಿಪಿ ಬೇಡ. ಒಂದು ಬಿಳಿ ಹಾಳೆ, ಒಂದು ಸಹಿ ಸಾಕು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು.

"ಹಲೋ... ಹಲೋ... ಏನೂ ಕೇಳಸವಲ್ದು ನೋಡು," ಎಂದು ಫೋನ್ ಇಟ್ಟೆ.

ಸಿಗ್ನಲ್ ಪೂರ್ತಿ ಇತ್ತು.