ಗುಡ್ಡ ಹತ್ತುವ ಗಾಡಿಯ ಮೂರು ಪುನರ್ಜನ್ಮ

ಸತ್ತವರನ್ನು ಬದುಕಿಸಲು ಆಗುವುದಿಲ್ಲ ಅನ್ನುತ್ತಾರೆ. ಸತ್ತ ಮೋಟರ್‌ಸೈಕಲ್ಲನ್ನು ಮಾತ್ರ ಜನ ಬಿಡದೆ ಬದುಕಿಸುತ್ತಲೇ ಇರುತ್ತಾರೆ, ಹೀಗಾಗಿ ನಮ್ಮ ಶೆಡ್ಡಿನಲ್ಲಿ ನಗುವಿಗೆ ಬರವಿಲ್ಲ. ನಾನು ಭಾಲ್ಕಿ ಕಡೆಯವನು, ಮರಾಠಿ ಸೀಮೆಯ ಸಂಭಾಜಿನಗರದ ಚಿಕಲಠಾಣಾದಲ್ಲಿ ಫಿಟರ್. ಕಲ್ಲು ಮುಳ್ಳು ನೋಡದೆ ಗುಡ್ಡ ಹತ್ತುತ್ತಿದ್ದ ಒಂದು ಹಳೇ ಗಾಡಿಯನ್ನು ಮತ್ತೆ ತಯಾರಿಸುವುದು ನಮ್ಮ ಕೆಲಸ. ಅದರ ಕಂಪನಿ ಎಂದೋ ಮುಚ್ಚಿದೆ. ಹೆಸರು ಮಾತ್ರ ಒಬ್ಬ ಸಾಹೇಬರಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತಿರುತ್ತದೆ, ಹೆಸರಿನ ಜೊತೆ ನಾನೂ.

ನಾಸಿಕದಲ್ಲಿರುವ ನಮ್ಮ ಮಾವನವರ ಹತ್ತಿರ ಅಂಥ ಗಾಡಿ ಇನ್ನೂ ಇದೆ. ಓಝರ್ ಹತ್ತಿರದ ವಿಮಾನ ಕಾರ್ಖಾನೆಗೆ ನಿವೃತ್ತಿಯವರೆಗೂ ಅದರ ಮೇಲೇ ಹೋಗಿ ಬಂದವರು. ಈಗ ಕಿಕ್ ಹೊಡೆಯಲು ಮೊಣಕಾಲು ಒಪ್ಪುವುದಿಲ್ಲ.

"ಅಳಿಯಂದ್ರೇ, ಬಟನ್ ಒತ್ತಿದ್ರ ಚಾಲೂ ಆಗೂ ಹಂಗ ಮಾಡ್ರಿ. ನಿಮ್ಮ ಅತ್ತಿಯವರನ್ನ ಹಿಂದ ಕೂಡಿಸ್ಕೊಂಡು ಇನ್ನೊಂದು ಸುತ್ತು ಹೊಡೀಬೇಕು" ಎಂದರು.

ನಾನು ಹೂಂ ಅಂದುಬಿಟ್ಟೆ.

೧. ಮೊದಲು ಕೀಚೈನು

ಮೊದಲನೇ ಸಾಹೇಬರು ಹೆಸರು ಕೊಂಡ ಕೂಡಲೇ ಮಾಡಿಸಿದ್ದು ಟೀ ಶರ್ಟು, ಚಹಾದ ಮಗ್ಗು, ಕೀಚೈನು. ಗಾಡಿ ಯಾವಾಗ ಎಂದು ಕೇಳಿದರೆ, "ಮೊದಲು ಜನರ ಮನಸ್ಸಿನಲ್ಲಿ ಭಾವನೆ ಹುಟ್ಟಲಿ" ಎನ್ನುತ್ತಿದ್ದರು. ಭಾವನೆ ಹುಟ್ಟಿತು, ಗಾಡಿ ಹುಟ್ಟಲಿಲ್ಲ. ದೀಪಾವಳಿಗೆ ಮಿಠಾಯಿ ಜೊತೆ ನಮಗೆಲ್ಲ ಒಂದೊಂದು ಕೀಚೈನು ಸಿಕ್ಕಿತು. ನನ್ನ ಹೆಂಡತಿ ಅದನ್ನು ತಿರುಗಿಸಿ ನೋಡಿ, ಕಪಾಟಿನ ಕೀಲಿಗೆ ಹಾಕಿದಳು.

"ಭಾಳ ಛಲೋ ಗಾಡಿ ಮಾಡೀರಿ ನೋಡ್ರಿ. ಪೆಟ್ರೋಲ್ ಕೇಳಂಗಿಲ್ಲ, ಪಂಚರ್ ಆಗಂಗಿಲ್ಲ."

೨. ಕರೆಂಟಿನ ಗಾಡಿ

ಎರಡನೇ ಸಾಹೇಬರು ಅದೇ ಹೆಸರಿನಲ್ಲಿ ಬ್ಯಾಟರಿ ಗಾಡಿ ಮಾಡಿಸಿದರು. ಇಲ್ಲಿ ಕನ್ನಡ ಎಂಬ ತಾಲ್ಲೂಕು ಊರಿದೆ, ಅಲ್ಲಿನ ಮಾತು ಮರಾಠಿ. ಆ ಊರಾಚೆಯ ಗುಡ್ಡದಲ್ಲಿ ಪರೀಕ್ಷೆ ನಡೆಯಿತು. ಗಾಡಿ ಸದ್ದಿಲ್ಲದೆ ಹತ್ತಿತು, ಸದ್ದಿಲ್ಲದೆ ನಿಂತಿತು. ಮಟಮಟ ಮಧ್ಯಾಹ್ನ. ತಳ್ಳಿಕೊಂಡು ಒಬ್ಬ ರೈತರ ಬಾವಿಯ ಹತ್ತಿರ ಬಂದೆವು. ಸಾಹೇಬರು ಚಾರ್ಜರ್ ಹಿಡಿದುಕೊಂಡು ಮರಾಠಿಯಲ್ಲಿ ಕೇಳಿದರು.

"ಕಾಕಾ, ಸ್ವಲ್ಪ ಕರೆಂಟ್ ಸಿಗುತ್ತದೆಯೇ?"

ಕಾಕಾ ನಮ್ಮ ಗಾಡಿಯನ್ನು ನೋಡಿದರು, ತಮ್ಮ ನೀರಿನ ಮೋಟರನ್ನೂ ನೋಡಿದರು. "ಇದೂ ಬೆಳಗಿನಿಂದ ಕರೆಂಟಿನ ದಾರಿ ಕಾಯುತ್ತಿದೆ. ನಮ್ಮ ಪಾಳಿ ರಾತ್ರಿ. ನಿಮ್ಮದನ್ನೂ ಪಕ್ಕದಲ್ಲಿ ನಿಲ್ಲಿಸಿ, ಪಾಪ, ಇದಕ್ಕೂ ಒಂದು ಜೊತೆಯಾಗುತ್ತದೆ" ಎಂದರು.

ಕೊನೆಗೆ ಗುಡ್ಡ ಹತ್ತುವ ಗಾಡಿ ಎತ್ತಿನ ಗಾಡಿ ಹತ್ತಿ ಊರಿಗೆ ಬಂತು.

೩. ಕೂದಲೆಳೆಯಷ್ಟೂ ತಪ್ಪಿಲ್ಲ

ಮೂರನೇ ಸಾಹೇಬರದು ಒಂದೇ ಹಟ. ಹಳೆಯದು ಹೇಗಿತ್ತೋ ಹಾಗೇ ಬರಬೇಕು, ಬಟನ್ ಸ್ಟಾರ್ಟ್ ಮಾತ್ರ ಹೊಸದು. ನಾನು ನಾಸಿಕಕ್ಕೆ ಹೋಗಿ ಮಾವನವರ ಗಾಡಿಯನ್ನು ಟೆಂಪೋದಲ್ಲಿ ತಂದೆ. ಕಂಪ್ಯೂಟರ್ ಇಂಚಿಂಚೂ ಅಳತೆ ತೆಗೆಯಿತು, ಬಣ್ಣವನ್ನೂ ಬಿಡಲಿಲ್ಲ. ಹೊಸ ಗಾಡಿ ಎದ್ದು ನಿಂತಿತು, ಬಟನ್ನಿಗೆ ಚಾಲೂ ಆಯಿತು. ಆದರೆ ಎಡಕ್ಕೆ ಎಳೆಯುತ್ತಿತ್ತು. ಟೈರು ಬದಲಿಸಿದೆವು, ಚಕ್ರ ಬದಲಿಸಿದೆವು, ಓಡಿಸುವವನನ್ನೂ ಬದಲಿಸಿದೆವು. ಆದರೂ ಎಡಕ್ಕೇ. ಸೋತು ಮಾವನವರಿಗೆ ಫೋನ್ ಮಾಡಿದೆ. ಅವರಿಗೆ ಆನಂದವೋ ಆನಂದ.

"ಖರೇನಾ? ಅಂದ್ರ ಬರೋಬ್ಬರಿ ಮಾಡೀರಿ ಬಿಡ್ರಿ! ಮಾಲೇಗಾಂವದಾಗ ಎಮ್ಮಿಗೆ ಗುದ್ದಿದಾಗಿಂದ ನಂದೂ ಎಡಕ್ಕೇ ಎಳೀತದ."

೪. ಮೂರನೇ ಪಟ್ಟಿ

ಎಡಕ್ಕೆ ಎಳೆಯುವ ಸೊಟ್ಟ ತೆಗೆದ ಮೇಲೆ ಗಾಡಿಯನ್ನು ಊರಿಗೆಲ್ಲ ತೋರಿಸುವ ದಿನ ಬಂತು. ಮೊದಲ ಸುತ್ತು ಮಾವನವರದೇ ಎಂದು ಸಾಹೇಬರು ಒಪ್ಪಿದ್ದರು. ಇಷ್ಟು ಜನರ ಮುಂದೆ ಚಾಲೂ ಆಗದಿದ್ದರೆ ಎಂದು ನಾನು ಬ್ಯಾಟರಿ ವೈರನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಸಾಹೇಬರು ಮಾತ್ರ ಟ್ಯಾಂಕಿನ ಮೇಲಿನ ಮೂರು ಬಿಳಿ ಪಟ್ಟಿ ತೋರಿಸಿ ಭಾಷಣ ಮಾಡುತ್ತಿದ್ದರು.

"ಇದೇ ನಮ್ಮ ಪರಂಪರೆ. ಮೊದಲನೆಯದು ಕಲ್ಲು, ಎರಡನೆಯದು ಮಣ್ಣು. ಮೂರನೆಯದು ತುದಿಯಲ್ಲಿ ಯಾಕೆ ಸೊಟ್ಟ? ಅದು ಗುಡ್ಡ ಹತ್ತುವವನ ಅವಸರ!"

ಚಪ್ಪಾಳೆ ಬಿತ್ತು. ನಾನೂ ಬಡಿದೆ.

ಮಾವನವರು ಗಾಡಿಯ ಮೇಲೆ ಕೂತರು. "ವಿಭೂತಿ ಹಚ್ಚದ ನಾ ಕೂಡಂಗಿಲ್ಲ" ಎಂದು ಅತ್ತೆಯವರು ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಟ್ಯಾಂಕಿನ ಕಡೆ ಬಗ್ಗಿದವರು ಹಾಗೇ ನಿಂತರು. ಮೂರು ಬೆರಳು ಇಟ್ಟು ನೋಡಿದರು. ಮೂರೂ ಪಟ್ಟಿಯ ಮೇಲೆ ಸರಿಯಾಗಿ ಕೂತವು.

"ಅಯ್ಯ, ಇದು ನಾನೇ ಹಚ್ಚಿದ್ದು ನೋಡ್ರೀ! ಎಮ್ಮಿಗೆ ಗುದ್ದಿ ಬಂದ ಮ್ಯಾಲ ದಿನಾ ಗಾಡಿಗೆ ವಿಭೂತಿ ಹಚ್ಚತಿದ್ದೆ. ಮಳಿಗೆ ತೊಳದು ಹೋಗ್ತದಂತ ಒಂದಿನ ಕಿಟಕಿಗೆ ಹಚ್ಚೂ ಬಿಳಿ ಬಣ್ಣದಾಗ ಬೆರಳು ಅದ್ದಿ ಎಳದುಬಿಟ್ಟೆ."

ಮಾವನವರು ಮೀಸೆಯಲ್ಲೇ ನಗುತ್ತಿದ್ದರು. ಅತ್ತೆಯವರು ಹೇಳಿದ್ದನ್ನು ನಾನು ಸಾಹೇಬರ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿದೆ. ಅವರ ಮುಖ ಪೆಚ್ಚಾಯಿತು. "ಹಾಗಾದರೆ ಆ ಮೂರನೇ ಪಟ್ಟಿಯ ಅವಸರ?" ಎಂದು ಕೇಳಿದರು. ನಾನು ಅದನ್ನು ಅತ್ತೆಯವರಿಗೆ ದಾಟಿಸಿದೆ.

ಅಷ್ಟರಲ್ಲಿ ಮಾವನವರು ಹೆಬ್ಬೆರಳಿನಿಂದ ಬಟನ್ ಒತ್ತಿದರು. ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಸುಳ್ಳು ಯಾಕೆ, ನನ್ನ ಕಣ್ಣು ತುಂಬಿ ಬಂತು. ಅತ್ತೆಯವರು ಸೆರಗು ಬಿಗಿದು ಹಿಂದೆ ಕೂತರು, ಮಾವನವರ ಭುಜ ಹಿಡಿದು, ಎಂಜಿನ್ ಸದ್ದಿಗಿಂತ ಜೋರಾಗಿ ಕೂಗಿದರು.

"ಅವಸರ ಖರೇನೇ ಅದ ಅಂತ ಹೇಳ್ರಿ ಸಾಹೇಬ್ರಿಗೆ! ಅವತ್ತ ಹಂಚಿನ ಮ್ಯಾಲ ರೊಟ್ಟಿ ಹೊತ್ತಲಿಕ್ಕತ್ತಿತ್ತು!"